ನಿಂತವರನ್ನು ಮುಟ್ಟಬಾರದು

ನನ್ನ ಗಂಟಲಿನ ವಿಷಯ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ಈಗ ಅದು ಇಲ್ಲ. ತರಕಾರಿ ಸಗಟು ಮಾರುಕಟ್ಟೆಯಲ್ಲಿ ಹರಾಜು ಕೂಗೋದು ನನ್ನ ಕೆಲಸ. ಬೆಳಕು ಹರಿಯೋ ಹೊತ್ತಿಗೆ ಲಾರಿಗಳು ಬಂದು ಸಾಲಾಗಿ ನಿಂತರೆ, ಟೊಮೆಟೊ ಕ್ರೇಟುಗಳ ಪಕ್ಕದ ಕಲ್ಲಿನ ಮೇಲೆ ಹತ್ತಿ ನಾನು ಬಾಯಿ ತೆಗೆದೆ ಅಂದ್ರೆ ಆಚೆ ಗೇಟಿನ ಈರುಳ್ಳಿಯವರೂ ತಿರುಗಿ ನೋಡಬೇಕು. ಮೈಕು ಕೊಡ್ತೀವಿ ಅಂದಿದ್ರು. ಗಂಟಲು ಇಲ್ಲದವರಿಗೆ ಕೊಡಿ ಅಂದಿದ್ದೆ. "ಒಂದು ಸಾರಿ" ಅಂತ ಎಳೆದು, ಕೊಳ್ಳೋರ ಮುಖ ಒಂದೊಂದಾಗಿ ನೋಡಿ, "ಎರಡು ಸಾರಿ" ಅಂತ ಇನ್ನೂ ಎಳೆದು, "ಮೂರು ಸಾರಿ" ಅಂದಮೇಲೇ ಮಾಲು ಕೈ ಬದಲಾಗೋದು. ಅಲ್ಲಿವರೆಗೆ ಯಾರು ಬೇಕಾದರೂ ಬಾಯಿ ಹಾಕಬಹುದು. ಒಂದು ಸಾರಿಗೇ ಮುಗಿದುಹೋದ ಹರಾಜನ್ನ ನಾನು ಈ ಜನ್ಮದಲ್ಲಿ ಕಂಡಿಲ್ಲ.

ಈಗ ಹೇಳ್ತಿರೋದೆಲ್ಲ ಒಳಗೊಳಗೇ. ಮಂಚದ ಮೇಲೆ ಬಿದ್ದಿದ್ದೀನಿ. ಎದುರಿಗೆ ಕಿಟಕಿ, ಕಿಟಕಿಯಾಚೆ ಪಕ್ಕದ ಮನೆ ಗೋಡೆ, ಗೋಡೆ ಮೇಲೆ ಯಾರೋ ಒಣಗಹಾಕಿ ಮರೆತುಹೋದ ನೆಲ ಒರೆಸೋ ಬಟ್ಟೆ. ಅದನ್ನ ತೆಗೀರಯ್ಯ ಅಂತ ಕೂಗೋಣ ಅನ್ಸುತ್ತೆ. ಬಾಯಿಂದ ಬರೋದು ಬರೀ ಗಾಳಿ. ಬಲಗಡೆ ಪೂರ್ತಿ ಹೋಗಿದೆ, ಎಡಗಡೆ ಅರೆಬರೆ. ತಲೆ ಆಡಿಸೋಕೆ ಹೋದ್ರೆ ಎತ್ತಲೋ ವಾಲುತ್ತೆ, ಹೌದು ಅಂದನೋ ಇಲ್ಲ ಅಂದನೋ ದೇವರಿಗೇ ಗೊತ್ತು. ಕಣ್ಣು ತನ್ನಷ್ಟಕ್ಕೆ ಮಿಟುಕುತ್ತೆ, ಅದನ್ನೂ ನಂಬೋಹಾಗಿಲ್ಲ. ನೆಟ್ಟಗೆ ಉಳಿದಿರೋದು ಕಿವಿ, ಬುದ್ಧಿ, ಎಡಗೈಯ ಬೆರಳುಗಳಲ್ಲಿ ಒಂದಿಷ್ಟು ಬಲ, ಮತ್ತೆ ನನ್ನ ಕೋಪ. ಕೋಪಕ್ಕೆ ಮಾತ್ರ ಯಾವ ಕಾಯಿಲೆಯೂ ತಟ್ಟಲಿಲ್ಲ.

ಆ ಬೆರಳಿನ ಉಪಾಯ ಕಂಡುಹಿಡಿದೋನು ನನ್ನ ಹೆಂಡತಿಯ ತಮ್ಮ. ಮೊಬೈಲ್ ರಿಪೇರಿ ಅಂಗಡಿ ಇಟ್ಕೊಂಡಿದ್ದಾನೆ, ಯಾವ ಗುಂಡಿ ಕೆಟ್ಟಿದ್ರೂ ಇನ್ನೊಂದು ಗುಂಡಿಯಿಂದ ಕೆಲಸ ತೆಗೆಯೋ ಜಾಣ. ಆಸ್ಪತ್ರೆಯಲ್ಲೇ ನನ್ನ ಎಡಗೈ ಹಿಡ್ಕೊಂಡು, "ಭಾವ, ಒಂದು ಸಲ ಅಮುಕಿದ್ರೆ ಹೌದು, ಎರಡು ಸಲ ಅಮುಕಿದ್ರೆ ಇಲ್ಲ. ಸರಿನಾ?" ಅಂದ. ನಾನು ಒಂದು ಸಲ ಅಮುಕಿದೆ. ಎಲ್ಲರೂ ಅತ್ತರು, ಅವನೂ ಅತ್ತ. ನಾನು ಮಾತ್ರ ಒಳಗೇ ಬೈಕೊಂಡೆ. ಅಲ್ಲಯ್ಯ, ಹುಟ್ಟಿದಾಗಿನಿಂದ ಎಲ್ಲದಕ್ಕೂ ಇಲ್ಲ ಇಲ್ಲ ಅಂತ ಬದುಕಿದ ಮನುಷ್ಯ ನಾನು, 'ಇಲ್ಲ'ಕ್ಕೆ ಎರಡು ಪಟ್ಟು ಕೆಲಸ ಇಟ್ಟೆಯಲ್ಲ. ಆದರೆ ಇಡೀ ಮನೆ ಅದನ್ನೇ ಕಲೀತು, ಈಗ ಬದಲಾಯಿಸಬೇಕು ಅಂತ ನಾನು ಹೇಳೋದಾದರೂ ಹೇಗೆ?

ತೊಂದರೆ ಏನಂದ್ರೆ, ಬೆರಳು ಬೇಗ ದಣಿಯುತ್ತೆ. ಮೊದಲನೆಯದು ಬರುತ್ತೆ, ಎರಡನೆಯದು ತಡ ಮಾಡುತ್ತೆ. ಒಂದೊಂದು ದಿನ ಬರೋದೇ ಇಲ್ಲ. ಹಾಗೇ ನಾನು ಬೇಡದ ಗಂಜಿಗೆ ಹೌದು ಅಂದಿದ್ದೀನಿ, ಸೆಕೆಯಲ್ಲಿ ಕಂಬಳಿಗೆ ಹೌದು ಅಂದಿದ್ದೀನಿ. "ರೇಡಿಯೋ ಹಾಕ್ಲಾ ಭಾವ?" ಅಂತ ಕೇಳಿದ್ದಕ್ಕೂ ಹೌದು ಅಂದು, ಇಡೀ ಮಧ್ಯಾಹ್ನ ಯಾರೋ ಹಲ್ಲಿನ ಆರೋಗ್ಯದ ಬಗ್ಗೆ ಕೊರೆದದ್ದನ್ನ ಕೇಳ್ಕೊಂಡು ಬಿದ್ದಿದ್ದೀನಿ. ನನ್ನ ಹೆಂಡತಿ ಮಾತ್ರ ಕಾಯ್ತಾಳೆ. ಮೊದಲನೆಯದು ಬಂದಮೇಲೆ ತಕ್ಷಣ ಏಳೋದಿಲ್ಲ, ಕೈ ಹಿಡ್ಕೊಂಡೇ ಕೂತಿರ್ತಾಳೆ.

ಅವಳದ್ದು ಟ್ಯಾಕ್ಸಿ ಆಫೀಸಿನಲ್ಲಿ ಫೋನು ಎತ್ತೋ ಕೆಲಸ. ಗಾಡಿ ಇನ್ನೂ ಬಂದಿಲ್ಲ, ಡ್ರೈವರಿಗೆ ದಾರಿ ಗೊತ್ತಿಲ್ಲ, ಹೋದ ಸಲ ಬಿಟ್ಟ ಕೊಡೆ ಎಲ್ಲಿ ಅಂತ ಇಡೀ ದಿನ ಜನ ಅವಳ ಕಿವಿಗೆ ಸುರೀತಾರೆ. ಇವಳು ಎಲ್ಲರಿಗೂ ಒಂದೇ ದನಿಯಲ್ಲಿ "ಹೇಳಿ" ಅನ್ನಬೇಕು. ಮನೆಗೆ ಬಂದ್ರೆ ನಾನು. "ಉಪ್ಪು ಕೊಡು ಅನ್ನೋದನ್ನೂ ಹರಾಜು ಹಾಕ್ತೀರಲ್ಲ, ಸ್ವಲ್ಪ ಮೆಲ್ಲಗೆ ಮಾತಾಡಿದ್ರೆ ಗಂಟೇನು ಹೋಗುತ್ತೆ?" ಅಂತಿದ್ಲು. ಮೆಲ್ಲಗೆ ಮಾತಾಡೋದು ಕಳ್ಳರು ಅಂತ ನಾನು ಇನ್ನೂ ಜೋರಾಗಿ ಹೇಳ್ತಿದ್ದೆ.

ನಾನು ಮಂಚ ಹಿಡಿಯೋಕೆ ಮುಂಚೆ ಒಂದು ದಿನ ಡಾಕ್ಟರು ಬಿಪಿ ನೋಡಿ ಮುಖ ಸಣ್ಣ ಮಾಡಿದರು. ಕೋಪ ಕಮ್ಮಿ ಮಾಡಿ, ನಡೀರಿ, ಧ್ಯಾನ ಗೀನ ಏನಾದ್ರೂ ಮಾಡಿ ಅಂದ್ರು. ಇವಳಿಗೆ ಅಷ್ಟೇ ಸಾಕಾಯ್ತು. ಎಲ್ಲಿಂದಲೋ ಒಂದು ಗುಂಪು ಹುಡುಕಿ ತಂದ್ಲು. ಊರಾಚೆ, ನೀರಿನ ಟ್ಯಾಂಕಿನ ಹಿಂದೆ ಒಂದು ಕಾಡಿದೆ. ರಜೆ ದಿನ ಬೆಳಿಗ್ಗೆ ಅಲ್ಲಿ ಹತ್ತು ಹದಿನೈದು ಜನ ಸೇರ್ತಾರೆ, ಒಬ್ಬ ಮೇಡಂ ಅವರನ್ನ ನಡೆಸ್ತಾರೆ. ಧ್ಯಾನ ಕೂತು ಮಾಡೋದಲ್ಲ, ನಡೀತಾ ಮಾಡೋದು.

"ನಡೆಯೋದನ್ನ ನನಗೆ ಹೇಳಿಕೊಡಬೇಕಾ?" ಅಂದೆ.

"ನನಗೋಸ್ಕರ ಬನ್ನಿ," ಅಂದ್ಲು. ಅಷ್ಟು ಮೆಲ್ಲಗೆ ಕೇಳಿದ್ದಕ್ಕೆ ಜಗಳ ಆಡೋಕೆ ನನಗೆ ಜಾಗವೇ ಸಿಗಲಿಲ್ಲ.

ಮೇಡಂ ಸಣ್ಣ ಆಸಾಮಿ, ಕ್ಯಾನ್ವಾಸ್ ಬೂಟು ಹಾಕ್ಕೊಂಡು ಬೆಕ್ಕಿನ ಹಾಗೆ ಓಡಾಡೋರು. ಮೊದಲ ದಿನವೇ ಎಲ್ಲರ ಫೋನು ಒಂದು ಚೀಲಕ್ಕೆ ಹಾಕಿಸಿಕೊಂಡ್ರು. "ಹಿಮ್ಮಡಿ, ಅಂಗಾಲು, ಬೆರಳು. ನೆಲ ಮುಟ್ಟೋದನ್ನ ಗಮನಿಸಿ. ಎಲೆ ಸದ್ದು ಮಾಡಿದ್ರೆ ಕೇಳಿ, ವಾಸನೆ ಬಂದ್ರೆ ತಗೊಳ್ಳಿ. ಮಾತು ಬೇಡ. ಮನಸ್ಸು ಎಲ್ಲಿಗೋ ಓಡಿಹೋದ್ರೆ ಅದನ್ನ ಬೈಬೇಡಿ. ಇದ್ದಲ್ಲೇ ನಿಂತುಬಿಡಿ. ಅದು ವಾಪಸ್ ಬಂದಮೇಲೆ ಮುಂದಿನ ಹೆಜ್ಜೆ ಇಡಿ," ಅಂದ್ರು. ಆಮೇಲೆ ಗುಂಪಿನ ದೊಡ್ಡ ನಿಯಮ ಹೇಳಿದ್ರು: ನಿಂತವರನ್ನ ಮುಟ್ಟಬಾರದು, ಮಾತಾಡಿಸಬಾರದು. ಹಿಂದೆ ಬರೋರು ಎದೆ ಮೇಲೆ ಕೈ ಇಟ್ಟು, ಸ್ವಲ್ಪ ತಲೆ ಬಾಗಿಸಿ, ಬಳಸಿಕೊಂಡು ಮುಂದೆ ಹೋಗಬೇಕು. ಒಬ್ಬರು ನಿಂತ್ರು ಅಂದ್ರೆ ಒಳಗೆ ದೊಡ್ಡ ಕೆಲಸ ನಡೀತಿದೆ ಅಂತ ಅರ್ಥ, ಅದಕ್ಕೆ ಮರ್ಯಾದೆ ಕೊಡಬೇಕಂತೆ.

ನನಗೆ ನಗು ತಡೆಯೋಕೆ ಆಗಲಿಲ್ಲ. ಕೆಟ್ಟು ನಿಂತ ಲಾರಿಗೆ ಕೈಮುಗಿದು ಮುಂದೆ ಹೋಗೋ ಜನ ಕಣೇ ಇವರು ಅಂತ ಬಸ್ಸಿನಲ್ಲಿ ಅವಳನ್ನ ರೇಗಿಸಿದೆ. ಅವಳೂ ನಕ್ಕಳು. ಆದರೆ ಕಾಡಿನೊಳಗೆ ಅವಳು ಬೇರೆಯೇ ಹೆಂಗಸಾಗ್ತಿದ್ಲು. ಮರಗಳ ತೊಗಟೆ ಸುಲಿದು ನೆಲಕ್ಕೆ ಬಿದ್ದಿರ್ತಿತ್ತು, ಟ್ಯಾಂಕಿನಿಂದ ತುಂಬಿ ಸುರಿದ ನೀರು ಒಂದು ಕಡೆ ಸದಾ ತೊಟ್ಟಿಕ್ಕೋದು. ಅದರ ಪಕ್ಕ ನಿಂತು ಅವಳು ಕಣ್ಣು ಮುಚ್ಚಿದ್ರೆ, ಇಡೀ ವಾರ ಕಿವಿಗೆ ಬಿದ್ದ ಬೈಗುಳ ಇಳಿದುಹೋಗೋದು ಮುಖದಲ್ಲೇ ಕಾಣ್ತಿತ್ತು. ಅದಕ್ಕೇ ನಾನು ಪ್ರತಿ ರಜೆಗೂ ತುಟಿಪಿಟಕ್ ಅನ್ನದೆ ಹೋಗ್ತಿದ್ದೆ.

ನಾನು ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ನನ್ನ ಮನಸ್ಸು ಗೇಟು ದಾಟುವ ಮೊದಲೇ ಮಾರುಕಟ್ಟೆಗೆ ಓಡಿಹೋಗ್ತಿತ್ತು. ಎಲೆಕೋಸು ಎಷ್ಟು ಲಾರಿ ಬರಬಹುದು, ಮೊನ್ನೆ ಕ್ರೇಟಿನ ತಳದಲ್ಲಿ ಕೊಳೆತ ಮಾಲು ತುಂಬಿ ತಂದ ಆಸಾಮಿಗೆ ಏನಂತ ಉಗೀಬೇಕು, ಇದೇ ಯೋಚನೆ. ಅದು ವಾಪಸ್ ಬರೋವರೆಗೆ ನಿಲ್ಲಬೇಕು ಅಂದ್ರೆ ನಾನು ಅಲ್ಲೇ ಬೇರು ಬಿಡಬೇಕಿತ್ತು. ಎಲ್ಲರಿಗಿಂತ ಮೊದಲು ಸುತ್ತು ಮುಗಿಸಿ ಬೆಂಚಿನ ಮೇಲೆ ಫ್ಲಾಸ್ಕಿನ ಟೀ ಕುಡೀತಾ ಕೂತಿರ್ತಿದ್ದೆ. "ಒಂದೇ ಒಂದು ದಿನ ನೀವು ನಿಂತಿರೋದನ್ನ ನಾನು ನೋಡಬೇಕು ರೀ," ಅಂತಿದ್ಲು ಅವಳು. "ನೋಡೋಣ ಬಿಡು," ಅಂತಿದ್ದೆ.

ಆವತ್ತು ರಾತ್ರಿಯ ಇಬ್ಬನಿ ಇನ್ನೂ ಹುಲ್ಲಿನ ಮೇಲಿತ್ತು. ಎಂದಿನ ಹಾಗೆ ನಾನೇ ಮುಂದೆ. ದಾರಿ ತಿರುಗೋ ಕಡೆ ಒಂದು ಕವಲು ಮರ ಇದೆ. ಅದರ ಹತ್ತಿರ ಬಂದಾಗ ಬಲಗಾಲು ಬರಲಿಲ್ಲ. ಚಪ್ಪಲಿ ಬೇರಿಗೆ ಸಿಕ್ಕಿಕೊಂಡಿತು ಅಂದ್ಕೊಂಡೆ. ಬಗ್ಗಿ ನೋಡೋಣ ಅಂದ್ರೆ ಬಗ್ಗೋದು ಹೇಗೆ ಅನ್ನೋದೇ ಮರೆತುಹೋದ ಹಾಗಾಯ್ತು. ಭುಜ ತಾನಾಗಿ ಹೋಗಿ ಕವಲಿನ ಸಂದಿಗೆ ಆತುಕೊಂಡಿತು. ಬೀಳಲಿಲ್ಲ. ಬಿದ್ದಿದ್ರೆ ಎಷ್ಟೋ ಚೆನ್ನಾಗಿತ್ತು.

ಕೂಗಿದೆ. ಲಾರಿ ಎಂಜಿನ್ನುಗಳ ಸದ್ದು ಮುಳುಗಿಸೋ ಗಂಟಲಲ್ಲಿ ಅವಳ ಹೆಸರು ಹಿಡಿದು ಕೂಗಿದೆ. ಏನೂ ಕೇಳಿಸಲಿಲ್ಲ, ನನಗೇ ಕೇಳಿಸಲಿಲ್ಲ. ಆಗಲೂ ನನ್ನ ದರಿದ್ರ ಮನಸ್ಸು, ನಾಳೆ ಹರಾಜು ಯಾರು ಕೂಗ್ತಾರೆ ಅಂತ ಮಾರುಕಟ್ಟೆಗೆ ಓಡಿತು.

ಮೊದಲು ಬಂದೋನು ಗುಂಪಿನಲ್ಲಿ ನಾನು ನಿಟ್ಟುಸಿರು ಅಂತ ಹೆಸರಿಟ್ಟಿದ್ದ ಮನುಷ್ಯ. ಹೆಜ್ಜೆಗೊಂದು ನಿಟ್ಟುಸಿರು ಬಿಡೋನು. ನನ್ನನ್ನ ನೋಡಿ ಹುಬ್ಬು ಮೇಲೆ ಹೋಯ್ತು, ಎದೆ ಮೇಲೆ ಕೈ ಹೋಯ್ತು, ತಲೆ ಬಾಗಿತು. ಹೋದ. ಆಮೇಲೆ ಇನ್ನಿಬ್ಬರು, ಹಾಗೇ. ಮೇಡಂ ಬಂದ್ರು. ಜೀವ ಬಂದಂಗಾಯ್ತು, ಇವರು ಗುರುತಿಸ್ತಾರೆ ಅಂತ. ನನ್ನ ಎಡಗಡೆಯಿಂದ ಮುಖ ನೋಡಿದ್ರು. ಜೋತುಬಿದ್ದಿದ್ದ ಬಲಗೆನ್ನೆ ಮರದ ಕಡೆಗಿತ್ತು. ಎಲ್ಲರಿಗಿಂತ ಹೆಚ್ಚೇ ಬಾಗಿ, ಕೈಬೆರಳು ಎದೆಗೆ ಒತ್ತಿಕೊಂಡು, ಕಾಲಡಿಯ ಒಣ ಎಲೆಯೂ ಮುರಿಯದ ಹಾಗೆ ಬಳಸಿ ಹೋದ್ರು. ಅವರ ಮೇಲೆ ಬಂದ ಸಿಟ್ಟು ಇನ್ನೂ ಹಾಗೇ ಇದೆ.

ಆಮೇಲೆ ಅವಳು.

ದೂರದಿಂದಲೇ ನನ್ನನ್ನ ನೋಡಿದ್ಲು. ನೋಡಿದ ಕೂಡಲೇ ನಡಿಗೆ ನಿಧಾನ ಆಯ್ತು. ನಾನು ಕಣ್ಣಲ್ಲೇ ಕರೆದೆ. ಬಾರೇ, ಹತ್ತಿರ ಬಾರೇ, ಆ ನಿಯಮಕ್ಕೆ ಬೆಂಕಿ ಹಾಕು, ಮುಟ್ಟೇ ಒಂದು ಸಲ. ಅವಳು ಹತ್ತಿರ ಬಂದ್ಲು. ಕಣ್ಣಲ್ಲಿ ನೀರು ತುಂಬಿತ್ತು. ನಗ್ತಿದ್ಲು. ಮದುವೆಯಾದ ಹೊಸದರಲ್ಲಿ ಎಲ್ಲೋ ಒಂದೆರಡು ಸಲ ಕಂಡಿದ್ದ ನಗು ಅದು, ಎಲ್ಲಿ ಇಟ್ಟಿದ್ಲೋ ಇಷ್ಟು ವರ್ಷ. ಎದೆ ಮೇಲೆ ಕೈ ಇಟ್ಟು, ತಲೆ ಬಾಗಿಸಿ, ನನ್ನ ಪಕ್ಕದಲ್ಲೇ ಹಾದುಹೋದ್ಲು. ಅವಳ ಸೆರಗು ನನ್ನ ಕೈಗೆ ತಗುಲಿತು. ಅದಕ್ಕೂ ಹೆದರಿ ಸೆರಗನ್ನ ಎಳ್ಕೊಂಡ್ಲು, ನನಗೆ ತೊಂದರೆ ಆಗಬಾರದು ಅಂತ. ಹಿಮ್ಮಡಿ, ಅಂಗಾಲು, ಬೆರಳು. ಎಷ್ಟು ಚೆನ್ನಾಗಿ ನಡೀತಾಳೆ ಅಂತ ಅವಳ ಬೆನ್ನು ನೋಡ್ತಾ ನಿಂತಿದ್ದೆ. ಇನ್ನೇನು ಮಾಡೋಕಾಗ್ತಿತ್ತು?

ಅವರೆಲ್ಲ ಬೆಂಚಿನ ಹತ್ತಿರ ಕಾದರಂತೆ. ನಮ್ಮವಳು ನನ್ನ ಪಾಲಿನ ಟೀ ಫ್ಲಾಸ್ಕಿನಲ್ಲೇ ಉಳಿಸಿ, "ಇವತ್ತು ಅವರು ಎಷ್ಟು ಹೊತ್ತಾದ್ರೂ ನಿಲ್ಲಲಿ, ಯಾರೂ ಕರೀಬೇಡಿ," ಅಂದ್ಲಂತೆ. ನಾಯಿ ಹಿಡ್ಕೊಂಡು ಆ ಕಡೆ ಬಂದ ಯಾರೋ ಒಬ್ಬ, ಗುಂಪಿಗೆ ಸಂಬಂಧವೇ ಇಲ್ಲದೋನು, ಮರದ ಬುಡಕ್ಕೆ ಕುಸಿದಿದ್ದ ನನ್ನನ್ನ ನೋಡಿ "ಏನ್ರೀ, ಏನಾಯ್ತು?" ಅಂತ ಭುಜ ಹಿಡಿದು ಅಲ್ಲಾಡಿಸಿದ. ಆ ಹೊತ್ತಿಗೆ ಎಡಗಡೆಯೂ ಕೈಬಿಡ್ತಾ ಇತ್ತು. ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ತಲೆಯ ಮೇಲೆಯೇ ನಿಂತು, "ಇನ್ನೂ ಸ್ವಲ್ಪ ಬೇಗ ಕರ್ಕೊಂಡು ಬಂದಿದ್ರೆ..." ಅಂದು ನಿಲ್ಲಿಸಿದ್ರು. ಪಕ್ಕದಲ್ಲಿ ಅವಳಿದ್ಲು.

ಅವತ್ತಿಂದ ಅವಳು ಒಂದು ಮಾತು ಕಟ್ಟಿಕೊಂಡಿದ್ಲು. ನೋಡೋಕೆ ಬಂದ ಎಲ್ಲರಿಗೂ ಹೇಳೋಳು. "ನಾನು ಕಣ್ಣಾರೆ ನೋಡಿದ್ನಲ್ಲ. ಅವರಿಗೆ ಆಗ ಏನೂ ಆಗಿರಲಿಲ್ಲ. ಅಷ್ಟು ಶಾಂತವಾಗಿ ನಿಂತಿದ್ರು. ಆಮೇಲೇ ಆಗಿದ್ದು, ನಾನು ಮುಂದೆ ಹೋದಮೇಲೆ." ಮೊದಮೊದಲು ನನಗೆ ಸಿಟ್ಟು ಬರೋದು. ಶಾಂತವಂತೆ ಶಾಂತ, ಗಂಟಲು ಹರಿಯೋ ಹಾಗೆ ಕೂಗ್ತಿದ್ದೆ ಕಣೇ ಅಂತ ಒಳಗೇ ಅರಚಿದ್ದೀನಿ. ಆಮೇಲಾಮೇಲೆ ಆ ಮಾತು ಹೇಳುವಾಗ ಅವಳ ದನಿ ಕೇಳಿಸಿಕೊಳ್ಳೋಕೆ ಶುರುಮಾಡಿದೆ. ಟ್ಯಾಕ್ಸಿ ಆಫೀಸಿನ ದನಿ ಅದು. ಬರೋದಿಲ್ಲ ಅಂತ ಗೊತ್ತಿರೋ ಗಾಡಿಯನ್ನ ಬರುತ್ತೆ ಅಂತ ಹೇಳೋ ದನಿ. ಆ ಮಾತನ್ನ ಹಿಡ್ಕೊಂಡೇ ಅವಳು ನನ್ನ ಬಾಯಿ ಒರೆಸ್ತಿದ್ಲು, ಮಗ್ಗುಲು ಬದಲಾಯಿಸ್ತಿದ್ಲು, ಕೆಲಸಕ್ಕೆ ಹೋಗಿ ಬರ್ತಿದ್ಲು. ಅದನ್ನ ಕಿತ್ತುಕೊಂಡು ನನಗೇನು ಆಗಬೇಕಿದೆ? ಇರಲಿ ಬಿಡು, ಶಾಂತವಾಗೇ ನಿಂತಿದ್ದೆ ಅಂತ ನಾನೂ ಒಪ್ಪಿಕೊಂಡುಬಿಟ್ಟಿದ್ದೆ.

ಇವತ್ತು ಬೆಳಿಗ್ಗೆ ಮೇಡಂ ಬಂದ್ರು.

ಅದೇ ಕ್ಯಾನ್ವಾಸ್ ಬೂಟು. ಮಂಚದ ಪಕ್ಕದ ಕುರ್ಚಿಯಲ್ಲಿ ಕೂತ್ರು. ಆಮೇಲೆ ನಮ್ಮವಳ ಕಡೆ ನೋಡಿ, "ನಾವು ಆ ನಿಯಮ ತೆಗೆದುಹಾಕಿದ್ವಿ. ಈಗ ಯಾರಾದ್ರೂ ನಿಂತ್ರೆ ಹತ್ತಿರ ಹೋಗಿ, ಮುಟ್ಟಿ ಕೇಳ್ತೀವಿ," ಅಂದ್ರು. ಒಳ್ಳೇದು ಮಾಡ್ತಿದ್ದೀವಿ ಅಂತಲೇ ಅವರು ಹೇಳಿದ್ದು. ನಮ್ಮವಳ ಕೈಲಿದ್ದ ಟೀ ಲೋಟ ಹಾಗೇ ನಿಂತಿತು. ನಾನು ಶಾಂತವಾಗಿ ನಿಂತಿದ್ದು ನಿಜವಾದ್ರೆ ನಿಯಮ ಯಾಕೆ ತೆಗೀಬೇಕಿತ್ತು ಅಂತ ಅವಳು ಯೋಚನೆ ಮಾಡ್ತಿರೋದು ನನಗೆ ಮಂಚದಿಂದಲೇ ಕಾಣ್ತು.

ಮೇಡಂ ನನ್ನ ಎಡಗೈ ಹಿಡ್ಕೊಂಡ್ರು. ಭಾವಮೈದುನನ ಪಾಠ ಅವರಿಗೂ ಯಾರೋ ಹೇಳಿಕೊಟ್ಟಿದ್ರು. "ನನ್ನ ಮೇಲೆ ಕೋಪ ಇದೆಯಾ?" ಅಂದ್ರು. ಅವರ ಕಣ್ಣು ಕೆಂಪಾಗಿತ್ತು, ನಿದ್ದೆ ಇಲ್ಲದ ಮುಖ. ಒಂದು ಸಣ್ಣ ಅಮುಕು ಸಾಕಾಗಿತ್ತು. ಅಥವಾ ಸುಮ್ಮನಿದ್ದರೂ ಆಗ್ತಿತ್ತು. ಆದರೆ ನನ್ನ ಕೋಪ ನಿಮಗೆ ಗೊತ್ತಲ್ಲ. ಇಷ್ಟು ದಿನ ಒಳಗಿದ್ದದ್ದೆಲ್ಲ ಆ ಬೆರಳುಗಳಿಗೆ ಇಳಿಯಿತು. ಅವರ ಉಂಗುರ ಅವರ ಬೆರಳಿಗೇ ಒತ್ತೋ ಹಾಗೆ ಹಿಸುಕಿದೆ, ಬಿಡದೆ ಹಿಸುಕಿದೆ. ಮೇಡಂ ಕೈ ಎಳೆದುಕೊಳ್ಳಲಿಲ್ಲ. ನಾನು ಬಿಟ್ಟಾಗ ನನ್ನ ಕೈ ಒದ್ದೆ ಬಟ್ಟೆಯ ಹಾಗೆ ಬಿತ್ತು. ಹೇಳಿದೆ ನೋಡು ಅಂತ ಒಳಗೆ ಹೆಮ್ಮೆ ಪಟ್ಟೆ, ಮೂರ್ಖ.

ಅವರು ಹೋದಮೇಲೆ ನಮ್ಮವಳು ಬಾಗಿಲು ಹಾಕಿ ಬಂದು ಅದೇ ಕುರ್ಚಿಯಲ್ಲಿ ಕೂತ್ಲು. ನನ್ನ ಕೈ ತಗೊಂಡ್ಲು. ಆಫೀಸಿಗೆ ಹೊತ್ತಾಗಿತ್ತು, ಆದರೂ ಕೂತ್ಲು.

"ಒಂದು ಮಾತು ಕೇಳ್ತೀನಿ. ನನಗೆ ಬೇಜಾರಾಗುತ್ತೆ ಅಂತ ನೋಡಬೇಡಿ," ಅಂದ್ಲು. "ಆವತ್ತು ನಾನು ನಿಮ್ಮ ಪಕ್ಕದಲ್ಲೇ ಹಾದುಹೋದ್ನಲ್ಲ. ಆಗ ನೀವು ನನ್ನನ್ನ ಕರೀತಿದ್ರಾ?"

ಇಲ್ಲ ಅನ್ನಬೇಕು. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಜೀವಮಾನದಲ್ಲಿ ಒಂದು ವಾದದಲ್ಲೂ ನಾನು ಇವಳಿಗೆ ಸೋತಿಲ್ಲ, ಸರಿ ಇದ್ದಾಗಲೂ ಇಲ್ಲ, ತಪ್ಪಿದ್ದಾಗಲೂ ಇಲ್ಲ. ಇದೊಂದನ್ನ ಬಿಟ್ಟುಕೊಡಬೇಕು. ಇಲ್ಲ ಕಣೇ, ನಾನು ಯಾರನ್ನೂ ಕರೀಲಿಲ್ಲ, ಸುಮ್ಮನೆ ಮರ ನೋಡ್ತಾ ನಿಂತಿದ್ದೆ. ನೀನು ನೋಡಿದ್ದೇ ಸರಿ.

ಅಮುಕಿದೆ. ಒಂದು ಬಂತು.

ಅವಳ ಮುಖದಲ್ಲಿ ಏನೂ ಆಗಲಿಲ್ಲ. ಅವಳಿಗೆ ಗೊತ್ತು, ಎರಡನೆಯದು ತಡವಾಗಿ ಬರುತ್ತೆ ಅಂತ. ಕೈ ಹಿಡ್ಕೊಂಡು ಕಾದ್ಲು.

ಬೆರಳುಗಳಿಗೆ ಹೇಳಿದೆ. ಬರಲಿಲ್ಲ. ಮೇಡಂ ಹೇಳಿಕೊಟ್ಟಿದ್ದೆಲ್ಲ ಮಾಡಿದೆ. ಉಸಿರು ನೋಡಿದೆ. ಅಂಗೈ ನೋಡಿದೆ. ಅವಳ ಅಂಗೈಯ ಬಿಸಿ, ಪಾತ್ರೆ ತೊಳೆದು ಒರಟಾದ ಹೆಬ್ಬೆರಳು, ಅದರ ಪಕ್ಕ ನನ್ನ ತೋರುಬೆರಳು. ಮಾರುಕಟ್ಟೆ ಇಲ್ಲ, ಲಾರಿ ಇಲ್ಲ, ಎದುರಿನ ಗೋಡೆಯ ಮೇಲಿನ ಬಟ್ಟೆ ಇಲ್ಲ. ಇಡೀ ಪ್ರಪಂಚದಲ್ಲಿ ಆ ಬೆರಳು ಬಿಟ್ಟು ಬೇರೇನೂ ಇರಲಿಲ್ಲ. ಅಷ್ಟು ರಜೆ ದಿನಗಳಲ್ಲಿ ಒಮ್ಮೆಯೂ ಆಗದ್ದು ಈಗ ಆಯ್ತು, ನನ್ನ ಮನಸ್ಸು ಎಲ್ಲಿಗೂ ಹೋಗಲಿಲ್ಲ. ಬೆರಳು ಅಲ್ಲಾಡಲಿಲ್ಲ.

"ಇನ್ನೊಂದಿದೆಯಾ?" ಅಂದ್ಲು. ಅವಳ ದನಿ ತೀರಾ ಸಣ್ಣದಾಗಿತ್ತು. "ಇದ್ರೆ ಅಮುಕಿ. ನಾನು ಕಾಯ್ತೀನಿ."

ಕಾದ್ಲು. ಗಂಜಿಗೆ ಕಾಯೋದಕ್ಕಿಂತ, ಕಂಬಳಿಗೆ ಕಾಯೋದಕ್ಕಿಂತ ಎಷ್ಟೋ ಹೆಚ್ಚು ಕಾದ್ಲು. ಆಮೇಲೆ ನನ್ನ ಬೆರಳುಗಳನ್ನ ಒಂದೊಂದಾಗಿ ನೇರ ಮಾಡಿ, ಕೈಯನ್ನ ಹೊದಿಕೆಯ ಮೇಲೆ ಇಟ್ಲು.

"ಸರಿ," ಅಂದ್ಲು.

ಸರಿ ಅಲ್ಲ ಕಣೇ. ಒಂದು ಸಾರಿ ಅಂದಿದ್ದೀನಿ ಅಷ್ಟೇ, ಇನ್ನೂ ಮುಗಿದಿಲ್ಲ, ಕೂತ್ಕೋ. ಅವಳು ಎದ್ದು ಅಡುಗೆಮನೆಗೆ ಹೋದ್ಲು. ನಲ್ಲಿ ತಿರುಗಿಸಿದ ಸದ್ದು ಬಂತು. ಪಾತ್ರೆಯ ಸದ್ದು ಬರಲಿಲ್ಲ. ನೀರು ಸುಮ್ಮನೆ ಸುರೀತಾ ಇತ್ತು, ಅದರ ಕೆಳಗೆ ಅವಳು ಅಳೋದು ನನಗೆ ಕೇಳಿಸ್ತಾ ಇತ್ತು. ಕಿವಿ ಮಾತ್ರ ನನಗೆ ನೆಟ್ಟಗಿದೆ ಅಂತ ಹೇಳಿದ್ನಲ್ಲ.

ನಲ್ಲಿ ಇನ್ನೂ ಸುರೀತಿರುವಾಗಲೇ ಬೆರಳುಗಳು ಮಡಚಿಕೊಂಡವು. ಹೊದಿಕೆಯ ಬಟ್ಟೆ ಸ್ವಲ್ಪ ಮುದುರಿ ಅಂಗೈಯೊಳಗೆ ಬಂತು. ಅದು ಎರಡನೆಯದು.